ಪಾಚಿ ಡಬ್ಬಿಯ ಬೇಸಿಗೆ

ನೀವು ನಂಬಲ್ಲ. ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಜಗಳ ಬೇಡ. ನಾನು ಹೇಳೋದ್ರಲ್ಲಿ ಅರ್ಧ ನಮ್ಮ ಮನೆಯವ್ರೇ ನಂಬಲ್ಲ. ಇನ್ನರ್ಧ ನಂಬ್ತಾರೆ, ಆದ್ರೆ ಯಾರ ಮುಂದೇನೂ ಹೇಳ್ಬೇಡ ಅಂತಾರೆ. ಹೇಳ್ಬೇಡ ಅಂದ್ಮೇಲೂ ಹೇಳ್ದೇ ಇರೋಕೆ ನಾನೇನು ಗೋಡೆನಾ?

ಮೊನ್ನೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಇಂಡಿಯನ್ ಅಂಗಡೀಲಿ ಸಾಸಿವೆ ಹುಡುಕ್ತಿದ್ದೆ. ಕೆಳಗಿನ ಶೆಲ್ಫಲ್ಲಿ ಹಾಲಿನ ಪುಡಿ ಪ್ಯಾಕೆಟ್ ಒಂದು ಹರಿದು ನೆಲಕ್ಕೆಲ್ಲಾ ಚೆಲ್ಲಿತ್ತು. ಸಿಹಿ ಸಿಹಿ, ಸ್ವಲ್ಪ ಕಮಟು, ಬಿಸಿಲಲ್ಲಿ ಬಿಟ್ಟ ಪ್ಲಾಸ್ಟಿಕ್ ಥರದ ವಾಸನೆ. ನನ್ನ ಕಾಲು ಅಲ್ಲೇ ನಿಂತ್ಹೋಯ್ತು. ಒಂದು ಗಂಟೆ ನಿಂತಿದ್ದೆ. ಸರಿ, ಎರಡು ನಿಮಿಷ. ಆದ್ರೆ ಆ ಎರಡು ನಿಮಿಷದಲ್ಲಿ ಚಿನ್ನು ಹುಟ್ಟಿದ ವರ್ಷದ ಬೇಸಿಗೆ ಪೂರ್ತಿ ಮೂಗೊಳಗೆ ಹೋಗಿ ಕೂತ್ಕೊಂಡ್ತು.

ಆಗ ನನಗೆ ಹದಿನಾಲ್ಕು, ಈಗ ಹದಿನೇಳು. ಹೆಸರು ಇಂಚರ. ಎಂಟು ವರ್ಷದ ತನಕ ಮೈಸೂರಲ್ಲಿದ್ದೆ, ಆಮೇಲೆ ಅಪ್ಪನ ಕೆಲಸದ ಹಿಂದೆ ಹ್ಯೂಸ್ಟನ್‌ಗೆ ಬಂದ್ವಿ. ಅದಕ್ಕೇ ನನ್ನ ಕನ್ನಡ ಈ ಮಟ್ಟಕ್ಕಾದ್ರೂ ಇದೆ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಅಪ್ಪ ಪೈಪ್‌ಲೈನ್ ಇಂಜಿನಿಯರ್. ಅಮ್ಮ ಸಾಫ್ಟ್‌ವೇರ್ ಟೆಸ್ಟರ್, ಅಂದ್ರೆ ಬೇರೆಯವ್ರ ತಪ್ಪು ಹುಡುಕೋ ಕೆಲಸ. ಆಫೀಸಲ್ಲಿ ಎಂಟು ಗಂಟೆ, ಮನೇಲಿ ಓವರ್‌ಟೈಮ್.

ಹದಿನಾಲ್ಕು ವರ್ಷ ಒಬ್ಬಳೇ ಮಗಳಾಗಿ ರಾಜ್ಯಭಾರ ಮಾಡಿದ್ಮೇಲೆ, ಏಪ್ರಿಲ್ಲಲ್ಲಿ ಒಂದಿನ ನನಗೆ ತಮ್ಮ ಹುಟ್ಟಿದ. ಚಿನ್ನು. ತೂಕ ಎಷ್ಟಿತ್ತು ಅಂದ್ರೆ, ನನ್ನ ಸ್ಕೂಲ್ ಬ್ಯಾಗ್ ಅವನಿಗಿಂತ ಭಾರ. ಇದು ಉತ್ಪ್ರೇಕ್ಷೆ ಅಲ್ಲ, ನಾನು ತೂಗಿ ನೋಡಿದೀನಿ.

ಧಾರವಾಡದಿಂದ ಅಜ್ಜಿ ಬಂದ್ರು, ಅಮ್ಮನ ಅಮ್ಮ. ಒಂದು ಸೂಟ್‌ಕೇಸಲ್ಲಿ ಸೀರೆ, ಇನ್ನೊಂದ್ರಲ್ಲಿ ಪೂರ್ತಿ ಬಾಣಂತನ. ಅಂಟಿನ ಉಂಡಿ, ಅಳವಿ, ಒಣಕೊಬ್ಬರಿ, ಹೆಸರೇ ಗೊತ್ತಿಲ್ದಿರೋ ಬೇರುಗಳು. ಹ್ಯೂಸ್ಟನ್ ಬೇಸಿಗೆ ನಿಮಗೆ ಗೊತ್ತಿಲ್ದಿದ್ರೆ ಹೇಳ್ತೀನಿ: ಅದು ಬಿಸಿಲಲ್ಲ, ಯಾರೋ ಬಿಸಿನೀರಲ್ಲಿ ಅದ್ದಿದ ಕಂಬಳೀನ ಹಿಂಡದೇ ನಿಮ್ಮ ತಲೆ ಮೇಲೆ ಹಾಕ್ದಂಗೆ. ಅಂಥದ್ರಲ್ಲಿ ಅಜ್ಜಿ ಬಾಣಂತಿಗೆ ಅಂತ ಕೆಂಡ ಮಾಡಿ ಧೂಪ ಹಾಕಿದ್ರು. ಸ್ಮೋಕ್ ಅಲಾರಂ ಕೂಗ್ಕೊಂಡ್ತು. ಅಜ್ಜಿ ಸ್ಟೂಲ್ ಹತ್ತಿ ಅದರ ಬಾಯಿಗೆ ಟವೆಲ್ ಕಟ್ಟಿದ್ರು. ಕಿವಿಗೆ ಗಾಳಿ ಹೋಗ್ಬಾರ್ದು ಅಂತ ಅಮ್ಮನ ತಲೆಗೂ ಟವೆಲ್ ಕಟ್ಟಿದ್ರು. ಒಂದು ವಾರ ಅಮ್ಮ ಮತ್ತೆ ಅಲಾರಂ ಅಕ್ಕ ತಂಗಿ ಥರ ಕಾಣ್ತಿದ್ರು.

ಇಷ್ಟೆಲ್ಲಾ ಮಾಡಿದ್ರೂ ಹಾಲು ಬರ್ಲಿಲ್ಲ. ಬರ್ಲೇ ಇಲ್ಲ ಅಂತಲ್ಲ, ಚಿನ್ನೂಗೆ ಸಾಲ್ತಿರ್ಲಿಲ್ಲ. ಅಳವಿ ಪಾಯಸ ಕುಡಿದು ಕುಡಿದು ಅಮ್ಮನ ತೂಕ ಏರ್ತು, ಚಿನ್ನೂದು ಏರ್ಲಿಲ್ಲ. ಮಕ್ಕಳ ಡಾಕ್ಟರ್ ತುಂಬಾ ಮೆತ್ತಗೆ, "ಜೊತೆಗೆ ಫಾರ್ಮುಲಾ, ಅಂದ್ರೆ ಡಬ್ಬಿ ಹಾಲು ಕೊಡಿ, ಅದ್ರಲ್ಲೇನೂ ತಪ್ಪಿಲ್ಲ" ಅಂದ್ರು. ಅಮ್ಮ ಅಲ್ಲಿ ನಕ್ಕು ತಲೆಯಾಡಿಸಿ, ಪಾರ್ಕಿಂಗ್ ಲಾಟಲ್ಲಿ ಕಾರಿನ ಬಾಗಿಲು ಹಾಕ್ಕೊಂಡು ಅತ್ರು. ನಾನು ಹಿಂದಿನ ಸೀಟಲ್ಲಿದ್ದೆ. ಏನಾದ್ರೂ ಜೋಕ್ ಹೇಳ್ಬೇಕು ಅಂತ ಬಾಯಿ ತೆರೆದೆ. ಅಪ್ಪ ಕನ್ನಡೀಲಿ ನನ್ನನ್ನ ನೋಡಿದ್ರು. ಮುಚ್ಕೊಂಡೆ.

ಆ ವರ್ಷವೇ ನೋಡಿ ಅಮೆರಿಕಾದಲ್ಲಿ ಫಾರ್ಮುಲಾ ಹಾಲಿನ ಪುಡಿಗೆ ಬರ ಬಂದಿದ್ದು. ಅಂಗಡಿಗೆ ಹೋದ್ರೆ ಶೆಲ್ಫ್‌ಗಳು ಖಾಲಿ, "ಒಬ್ಬರಿಗೆ ಒಂದೇ ಡಬ್ಬಿ" ಅನ್ನೋ ಚೀಟಿ ಮಾತ್ರ ಇರೋದು, ಡಬ್ಬಿ ಇರ್ತಿರ್ಲಿಲ್ಲ. ಸಿಕ್ಕಿದ ಸಾದಾ ಡಬ್ಬಿ ತಂದು ಅಮ್ಮನೇ ಬಾಟಲಿ ಮಾಡ್ತಿದ್ರು. ಚಿನ್ನೂನ ತೂಕ ನಿಧಾನಕ್ಕೆ, ಹಳೇ ಲಿಫ್ಟ್ ಥರ, ಮೇಲಕ್ಕೆ ಹೋಗೋಕೆ ಶುರುವಾಯ್ತು. ಎಲ್ಲರೂ ಉಸಿರು ಬಿಟ್ವಿ.

ಅಷ್ಟಕ್ಕೇ ಬಿಟ್ಟಿದ್ರೆ ನಾನು ಇದನ್ನ ಬರೀತಾನೇ ಇರ್ಲಿಲ್ಲ. ಆದ್ರೆ ಅಪ್ಪ ಓದೋಕೆ ಶುರು ಮಾಡಿದ್ರು.

ನಮ್ಮಪ್ಪ ಟೋಸ್ಟರ್ ತಗೋಬೇಕಾದ್ರೂ ಮೂರು ವಾರ ರಿಸರ್ಚ್ ಮಾಡೋರು. ಅಷ್ಟೊತ್ತಿಗೆ ಬ್ರೆಡ್ಡಿಗೆ ಬೂಷ್ಟು ಬಂದಿರುತ್ತೆ. ಒಂದು ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪನ್ನ ಟೀವಿಗೆ ಹಾಕಿ, ನಮ್ಮೆಲ್ಲರನ್ನೂ ಸೋಫಾ ಮೇಲೆ ಕೂರಿಸಿದ್ರು. ಟೀವಿ ತುಂಬಾ ಎಕ್ಸೆಲ್ ಪಟ್ಟಿ.

"ಡಿಎಚ್ಎ ಅಂತ ಒಂದು ಕೊಬ್ಬು ಇದೆ," ಅಂದ್ರು ಅಪ್ಪ. "ಮೆದುಳಿಗೆ, ಕಣ್ಣಿಗೆ ಬೇಕು. ತಾಯಿ ಹಾಲಲ್ಲಿ ಇರುತ್ತೆ. ಕೆಲವು ಡಬ್ಬೀಲಿ ಅದನ್ನ ಸೇರಿಸಿರ್ತಾರೆ. ನಾವು ಕೊಡ್ತಿರೋದ್ರಲ್ಲಿ ಇಲ್ಲ."

"ಡಾಕ್ಟರ್ ಯಾವುದಾದ್ರೂ ನಡೀತದ ಅಂದ್ರಲ್ರಿ," ಅಂದ್ರು ಅಮ್ಮ. ಸಿಟ್ಟು ಬಂದಾಗ, ಸುಸ್ತಾದಾಗ ಅಮ್ಮನ ಬಾಯಲ್ಲಿ ಧಾರವಾಡ ಬರುತ್ತೆ.

"ನಡೆಯೋದು ಬೇರೆ, ಓಡೋದು ಬೇರೆ."

"ಇಷ್ಟ ಓದೀರಲ್ಲ, ಕೊನೀಗೆ ಏನಂತ?"

ಅಪ್ಪ ಪಟ್ಟೀನ ಕೆಳಕ್ಕೆ ಸರಿಸಿದ್ರು. "ಕೆಲವ್ರು ಉಪಯೋಗ ಇದೆ ಅಂತಾರೆ. ಕೆಲವ್ರು ಮಕ್ಕಳು ದೊಡ್ಡೋರಾದ್ಮೇಲೆ ನೋಡಿದ್ರೆ ಏನೂ ವ್ಯತ್ಯಾಸ ಕಾಣ್ಸಲ್ಲ ಅಂತಾರೆ. ತಿಂಗಳು ತುಂಬದೇ ಹುಟ್ಟಿದ ಮಕ್ಕಳ ಮಾತೇ ಬೇರೆ. ಆಮೇಲೆ ಆ ಸ್ಟಡಿ ಮಾಡ್ಸಿದ್ದು ಯಾರು ಅಂತಾನೂ ನೋಡ್ಬೇಕು. ಡಬ್ಬಿ ಮಾರೋರೇ ಮಾಡ್ಸಿದ್ರೆ..."

"ಅಂದ್ರ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದು ಖಚಿತವಾಗಿ ಗೊತ್ತಾಗಿದೆ."

ನಾನು ನಗ್ತಾ ಪಟ್ಟಿ ಕೆಳಗೆ ನೋಡ್ತಿದ್ದೆ. ಕೊನೇ ಸಾಲಲ್ಲಿ ನನ್ನ ಹೆಸರಿತ್ತು. ಇಂಚರ. ಡಿಎಚ್ಎ: ಇಲ್ಲ. ಅದರ ಪಕ್ಕದ ಕಾಲಮ್ಮಲ್ಲಿ ನನ್ನ ಆಲ್ಜೀಬ್ರಾ ಗ್ರೇಡ್.

"ಅಪ್ಪಾ! ಏನಿದು?"

"ಅದು ಬರೀ ಒಂದು ಡೇಟಾ ಪಾಯಿಂಟ್ ಪುಟ್ಟಾ. ಬೇಜಾರ್ ಮಾಡ್ಕೋಬಾರ್ದು."

ಜಗತ್ತಿನಲ್ಲಿ ಎಷ್ಟೋ ಜನಕ್ಕೆ ಅಪ್ಪ ಬೈದಿರ್ತಾರೆ, ಹೊಡೆದಿರ್ತಾರೆ. ಐವತ್ತೈದು ಇಂಚಿನ ಟೀವಿ ಮೇಲೆ, "ಹಿಂಗಾಗ್ಬಾರ್ದು ಅಂದ್ರೆ ಬೇರೆ ಹಾಲು ಕೊಡಿ" ಅನ್ನೋದಕ್ಕೆ ಸಾಕ್ಷಿಯಾಗಿ ನಿಂತವಳು ನಾನೊಬ್ಳೇ ಇರ್ಬೇಕು. ಫ್ರೆಂಡ್ಸ್‌ಗೆಲ್ಲಾ ಹೇಳಿ ಹೊಟ್ಟೆ ಹುಣ್ಣಾಗೋ ಥರ ನಗ್ಸಿದೆ. ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದು ಮಾತ್ರ ಹೇಳ್ಲಿಲ್ಲ.

ನನ್ನ ಪರ ನಿಂತವರು ಅಜ್ಜಿ ಒಬ್ಬರೇ. ನಾನು ಹುಟ್ಟಿದಾಗ ಅಮ್ಮಂಗೆ ಮೂರು ತಿಂಗಳಿಗೇ ಮೈಸೂರಲ್ಲಿ ಕೆಲಸಕ್ಕೆ ವಾಪಸ್ ಹೋಗ್ಬೇಕಾಯ್ತಂತೆ. ಒಂದು ವರ್ಷ ನನ್ನನ್ನ ಧಾರವಾಡದಲ್ಲಿ ಸಾಕಿದ್ದು ಅಜ್ಜಿ.

"ಇಕಿಗೆ ಏನ್ ಕಡಿಮಿ ಆಗೇದ್ರಿ?" ಅಂದ್ರು ಅಜ್ಜಿ, ನನ್ನ ಗಲ್ಲ ಹಿಡಿದು ಮುಖಾನ ಅಪ್ಪನ ಕಡೆ ತಿರುಗಿಸಿ, ಸಂತೇಲಿ ಕುಂಬಳಕಾಯಿ ತೋರಿಸ್ದಂಗೆ. "ಆಕಳ ಹಾಲಿನ ಮ್ಯಾಲ ಬೆಳಸೀನಿ. ನೋಡ್ರಿ, ಎಷ್ಟ್ ಮಾತಾಡ್ತದ! ಮೆದುಳು ಇಲ್ದ ಇಷ್ಟ್ ಮಾತು ಬರ್ತಾವೇನ್ರಿ?"

"ಅತ್ತೆ, ಈಗ ಆ ಥರ ಕೊಡ್ಬಾರ್ದು ಅಂತಾರೆ."

"ಮತ್ತ ಆ ಡಿಯೆಚ್ಚಿ ಎದರಾಗಿಂದ ಬರ್ತದ?"

ಅಪ್ಪ ಇಲ್ಲಿ ಒಂದು ತಪ್ಪು ಮಾಡಿದ್ರು. ನಿಜ ಹೇಳ್ಬಿಟ್ರು. "ಮೀನಲ್ಲಿರುತ್ತೆ."

"ಶಿವ ಶಿವಾ! ಮೀನಾ?"

"ಇಲ್ಲ ಇಲ್ಲ ಅತ್ತೆ, ಡಬ್ಬೀಲಿ ಹಾಕೋದು ಮೀನಿಂದಲ್ಲ. ಪಾಚಿಯಿಂದ ತೆಗೀತಾರೆ. ಪೂರ್ತಿ ವೆಜಿಟೇರಿಯನ್."

"ಪಾಚಿ?" ಅಜ್ಜಿ ಕೂತಲ್ಲಿಂದ ಎದ್ದು ನಿಂತ್ರು. "ಬಾವ್ಯಾಗ ಬೆಳೀತದಲ್ಲ, ಕಾಲಿಟ್ರ ಜಾರಿ ಬೀಳ್ತೀವಿ, ಆ ಪಾಚಿ? ಅದನ್ನ ಎಳೀ ಕೂಸಿನ ಬಾಯಾಗ ಹಾಕ್ತೀರಿ?"

ಆವತ್ತಿಂದ ಅದಕ್ಕೆ ನಮ್ಮನೇಲಿ ಪಾಚಿ ಡಬ್ಬಿ ಅಂತ ಹೆಸರು ಬಿತ್ತು.

ಅಪ್ಪ ಗೆದ್ರು. ಅಮ್ಮಂಗೆ ವಾದ ಮಾಡೋ ಶಕ್ತಿ ಉಳಿದಿರ್ಲಿಲ್ಲ. "ನನ್ನ ಹಾಲಂತೂ ಕೊಡ್ಲಿಕ್ಕೆ ಆಗ್ಲಿಲ್ಲ. ಅದರಾಗ ಇರೋದಾದ್ರೂ ಸಿಗ್ಲಿ ಬಿಡ್ರಿ" ಅಂದ್ರು. ಆದ್ರೆ ಪಾಚಿ ಡಬ್ಬಿ ಹ್ಯೂಸ್ಟನ್ನಲ್ಲೇ ಇಲ್ಲ. ಕೊನೆಗೆ ಅಪ್ಪನ ಹಳೇ ರೂಮ್‌ಮೇಟ್ ಗಿರೀಶ್ ಅಂಕಲ್, ಡ್ಯಾಲಸ್ ಹತ್ರ ಇರ್ವಿಂಗಲ್ಲಿರೋರು, "ನಮ್ಮ ಕಡೆ ಒಂದು ಅಂಗಡೀಲಿ ನಿನ್ನೆ ಬಂದಿತ್ತು, ನಾನೊಂದು, ಲತಾ ಒಂದು ತಗೊಂಡಿಟ್ಟಿದೀವಿ ಕಣೋ" ಅಂತ ಫೋನ್ ಮಾಡಿದ್ರು. ಎರಡು ಡಬ್ಬಿ ಹಾಲಿನ ಪುಡಿಗೆ ನಾನೂ ಅಪ್ಪನೂ ಹೋಗ್ತಾ ನಾಲ್ಕು ಗಂಟೆ, ಬರ್ತಾ ನಾಲ್ಕು ಗಂಟೆ ಡ್ರೈವ್ ಮಾಡಿದ್ವಿ. ದಾರೀಲಿ ರೋಡ್ ಮೇಲೆ ಬಿಸಿಲು ನೀರಿನ ಥರ ಹೊಳೀತಿತ್ತು. ಒಂದು ಹಸು ನಮ್ಮನ್ನ ನೋಡಿ ತಲೆ ಅಲ್ಲಾಡಿಸಿದ್ದು ನಾನು ಕಣ್ಣಾರೆ ನೋಡಿದೆ. ಹಾಲಿಗೋಸ್ಕರ ನಮ್ಮ ಮುಂದೇನೇ ಹಾದು ಹೋಗ್ತಿದೀರಲ್ಲೋ ಅಂತ.

ಗಿರೀಶ್ ಅಂಕಲ್ ಮನೇಲಿ ಅವರ ನಾಲ್ಕು ವರ್ಷದ ಮಗ ಆರ್ಯನ್ ಇದ್ದ. ಪಾಚಿ ಡಬ್ಬಿ ಕುಡಿದೇ ಬೆಳೆದವನು.

"ನಮ್ಮ ಆರ್ಯನ್ ಎಬಿಸಿಡಿನ ಹಿಂದಿನಿಂದ ಹೇಳ್ತಾನೆ," ಅಂದ್ರು ಅಂಕಲ್ ಹೆಂಡತಿ ಲತಾ ಆಂಟಿ. ಅಪ್ಪನ ಕಣ್ಣು ಅರಳಿತು.

ಅದೇ ಹೊತ್ತಿಗೆ ಆರ್ಯನ್ ಹಿತ್ತಲ ಗಾಜಿನ ಬಾಗಿಲನ್ನ ಕೆಳಗಿಂದ ಮೇಲಿನ ತನಕ ನಾಲಿಗೇಲಿ ನೆಕ್ತಿದ್ದ.

"ಅಪ್ಪಾ," ಅಂತ ಪಿಸುಗುಟ್ಟಿದೆ, "ಡೇಟಾ ಪಾಯಿಂಟ್."

"ಸುಮ್ನಿರೆ."

ಈಗ ಗಮನ ಕೊಟ್ಟು ಕೇಳಿ. ನಾವು ಪಾಚಿ ಡಬ್ಬಿ ತಂದಿದ್ದು ಭಾನುವಾರ. ಸೋಮವಾರದಿಂದ ಅಮ್ಮನ ರಜೆ ಮುಗೀತು. ಮಹಡಿ ಮೇಲಿನ ರೂಮಲ್ಲಿ ಬಾಗಿಲು ಹಾಕ್ಕೊಂಡು ಬೆಳಗ್ಗೆಯಿಂದ ಸಂಜೆ ತನಕ ಮೀಟಿಂಗ್. ಬಾಟಲಿ ಮಾಡೋದು, ಕುಡಿಸೋದು ಎರಡೂ ಅಜ್ಜಿ ಕೈಗೆ ಬಂತು. ಅಮ್ಮ ಒಂದ್ಸಲ ತೋರಿಸಿಕೊಟ್ರು: ಬಾಟಲಿ ಮೇಲೆ ಗುರುತಿರೋ ನಾಲ್ಕು ಔನ್ಸ್ ಗೆರೆ ತನಕ ನೀರು, ಎರಡು ಚಮಚ ಪುಡಿ. ಅಜ್ಜಿ, "ಹೂಂ, ತಿಳೀತು ಹೋಗವಾ, ನಿನ್ನ ಮೀಟಿಂಗಿಗೆ ಹೊತ್ತಾತು" ಅಂದ್ರು.

ಎರಡು ವಿಷಯ ಒಂದೇ ವಾರ ಬದಲಾದ್ವು. ಅಪ್ಪ ಪಟ್ಟೀಲಿ ಬರ್ಕೊಂಡಿದ್ದು ಒಂದನ್ನ ಮಾತ್ರ.

ಮೊದಲ್ನೇ ದಿನಾನೇ ನಾನು ನೋಡಿದೆ. ಸ್ಕೂಲಿಗೆ ರಜೆ, ಅಡುಗೆಮನೆ ಕಟ್ಟೆ ಮೇಲೆ ಕೂತು ಮಾವಿನಹಣ್ಣು ತಿಂತಿದ್ದೆ. ಅಜ್ಜಿ ಆರು ಬಾಟಲಿ ಸಾಲಾಗಿಟ್ರು, ಒಂದೊಂದಕ್ಕೂ ಎರಡೆರಡು ಚಮಚ ಪುಡಿ ಹಾಕಿದ್ರು, ಆಮೇಲೆ ಕಾಸಿ ಆರಿಸಿದ ನೀರನ್ನ ನಾಲ್ಕರ ಗೆರೆ ದಾಟಿ, ಐದು ದಾಟಿ, ಆರರ ಮೇಲೆ ತಂದು ನಿಲ್ಲಿಸಿದ್ರು.

"ಅಜ್ಜಿ, ಜಾಸ್ತಿ ಆಯ್ತು."

"ಗಟ್ಟಿ ಹಾಲು ಎಳೀ ಕೂಸಿಗೆ ಪಚನ ಆಗಂಗಿಲ್ಲವಾ. ಹೊಟ್ಯಾಗ ಕಲ್ಲಾಗಿ ಕೂಡ್ತದ. ಅದರಾಗ ಈ ಪಾಚಿ ಬ್ಯಾರೆ. ತೆಳ್ಳಗ ಮಾಡಿದ್ರ ಮೈಗೆ ಹತ್ತತದ." ಬಾಟಲಿ ಕುಲುಕಿ ಫ್ರಿಜ್ಜಲ್ಲಿಡ್ತಾ ನನ್ನ ಕಡೆ ಬಗ್ಗಿದ್ರು. "ನಿನಗೂ ಹಿಂಗ ನೀರು ಬೆರಸೇ ಕುಡಿಸೀನಿ. ನಿಮ್ಮವ್ವಗೂ ಗೊತ್ತಿಲ್ಲ, ಆಕಿ ಇದ್ದಿಲ್ಲಲ್ಲ. ಯಾರ ಮುಂದೂ ಹೇಳಬ್ಯಾಡ. ನಿಮ್ಮಪ್ಪಗ ಗೊತ್ತಾದ್ರ ಅದನ್ನೂ ಟೀವಿ ಮ್ಯಾಲ ಬರೀತಾರ."

ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ಮಾವಿನ ಓಟೆ ಕೈಯಿಂದ ಜಾರ್ತು. ಅಪ್ಪನ ಪಟ್ಟೀಲಿ ನಾನು ಕೆಟ್ಟು ಹೋದ ಪ್ರಯೋಗ. ಅಜ್ಜಿ ಅಡುಗೆಮನೇಲಿ ನಾನು ಗೆದ್ದಿರೋ ಪ್ರಯೋಗ. ಚಿನ್ನೂನೂ ನನ್ನ ಥರಾನೇ ತೆಳ್ಳನೆ ಹಾಲು ಕುಡಿದು ಗುಂಡಗೆ ಬೆಳೀಲಿ, ಆಮೇಲೊಂದಿನ ಟೀವಿ ಆನ್ ಮಾಡಿ ಅಪ್ಪನ್ನ ಸೋಫಾ ಮೇಲೆ ಕೂರಿಸಿ ಪಾಠ ಮಾಡ್ತೀನಿ ಅಂತ ಪ್ಲಾನ್ ಹಾಕ್ದೆ. ಗುಟ್ಟು ಕಾಪಾಡೋದ್ರಲ್ಲಿ ನಾನು ಬ್ಯಾಂಕ್ ಲಾಕರ್.

ಚಿನ್ನು ಬಾಟಲಿ ಪೂರ್ತಿ ಕುಡೀತಿದ್ದ. ಡೈಪರ್ ಒದ್ದೆ ಆಗ್ತಾನೇ ಇತ್ತು. ಹಾಗಾಗಿ ಯಾರಿಗೂ ಅನುಮಾನ ಬರ್ಲಿಲ್ಲ. ಮುಂದಿನ ಸಲ ಡಾಕ್ಟರ್ ಹತ್ರ ತೂಗಿದಾಗ ತೂಕ ಅಲ್ಲೇ ನಿಂತಿತ್ತು.

"ನಿಮ್ಮ ಪಾಚಿ ಡಬ್ಬೀನ ಕಾರಣ," ಅಂದ್ರು ಅಮ್ಮ ಕಾರಲ್ಲಿ. "ಸಾದಾ ಹಾಲಿನಾಗ ಏರ್ತಿತ್ತು. ಇದಕ್ಕ ಬದಲಾಯಿಸಿದ್ವಿ, ನಿಂತು ಹೋತು."

ಅಪ್ಪ ಎಂಟು ಗಂಟೆ ಡ್ರೈವ್ ಮಾಡಿ ತಂದ ಡಬ್ಬೀನ ಅಟ್ಟದ ಮೇಲಿಟ್ಟು, ಮತ್ತೆ ಸಾದಾ ಡಬ್ಬಿಗೆ ಬಂದ್ರು. ಅಜ್ಜಿ ಅದಕ್ಕೂ ಆರರ ಗೆರೆ ತನಕ ನೀರು ಹಾಕಿದ್ರು. ಇನ್ನೊಂದು ವಾರ ಆಯ್ತು. ತೂಕ ಏರ್ಲಿಲ್ಲ, ಒಂಚೂರು ಇಳೀತು.

ಆವಾಗ ಅಪ್ಪನ ಮುಖ ನೋಡ್ಬೇಕಿತ್ತು. ಸಾದಾನೂ ಅಲ್ಲ, ಪಾಚೀನೂ ಅಲ್ಲ, ಹಾಗಾದ್ರೆ ಏನು? ಟೀವಿಗೆ ಲ್ಯಾಪ್‌ಟಾಪ್ ಹಾಕೋದು ಬಿಟ್ರು. ಡೈನಿಂಗ್ ಟೇಬಲ್ಲಲ್ಲಿ ಒಬ್ರೇ ಕೂತು ಓದ್ತಿದ್ರು, ಎದುರಿಗಿಟ್ಟ ಅನ್ನ ಆರಿ ಗಟ್ಟಿಯಾಗಿರೋದು. ಪ್ರೋಟೀನ್ ಒಡೆದಿರೋ ಫಾರ್ಮುಲಾ ಅಂತ ಒಂದು ಇದೆ, ಜೀರ್ಣಕ್ಕೆ ಸುಲಭ, ಡಿಎಚ್ಎನೂ ಇರುತ್ತೆ, ಅದನ್ನ ನೋಡೋಣ ಅಂದ್ರು. ಅದು ಸಿಕ್ಕಿದ್ದು ಆಸ್ಟಿನ್ ಆಚೆ ಜಾರ್ಜ್‌ಟೌನಲ್ಲಿ, ಯಾವುದೋ ವಾಟ್ಸಾಪ್ ಗ್ರೂಪಿನ ಒಬ್ಬ ಆಂಟಿ ಮನೇಲಿ. ಅಪ್ಪ ಆಫೀಸಿಗೆ ರಜೆ ಹಾಕಿ ಒಬ್ರೇ ಹೋಗಿ ಬಂದ್ರು. ಬರೋವಾಗ ಬಿಸಿಲಿಗೆ ಡಬ್ಬಿ ಕೆಡಬಾರ್ದು ಅಂತ ಅದನ್ನ ಮುಂದಿನ ಸೀಟಲ್ಲಿಟ್ಟು, ಬೆಲ್ಟ್ ಹಾಕಿ, ಎಸಿ ಗಾಳಿ ಪೂರ್ತಿ ಅದರ ಕಡೆ ತಿರುಗಿಸಿದ್ರಂತೆ. ಮನೆಗೆ ಬಂದಾಗ ಅವರ ಶರ್ಟ್ ಹಿಂಡಿದ್ರೆ ಒಂದು ಬಕೆಟ್ ಬೆವರು ಬರ್ತಿತ್ತು.

ಅದಕ್ಕೂ ಆರರ ಗೆರೆ.

ಈಗ ನೀವು ಕೇಳ್ತೀರ, ನೀನ್ಯಾಕೆ ಹೇಳ್ಲಿಲ್ಲ? ನಾನು ನಂಬಿದ್ದೆ ಕಣ್ರೀ. ನಾನೇ ಬದುಕಿದೀನಲ್ಲ, ಇದಕ್ಕಿಂತ ಸಾಕ್ಷಿ ಬೇಕಾ? ಅಪ್ಪ ನೂರು ರಿಸರ್ಚ್ ಪೇಪರ್ ಓದಿರ್ಬಹುದು, ನನ್ನ ಹತ್ರ ಇದ್ದಿದ್ದು ಒಂದೇ ಒಂದು ಪೇಪರ್, ನಾನೇ. ಅದನ್ನ ಬಿಟ್ಟುಕೊಡೋಕೆ ಮನಸ್ಸಿರ್ಲಿಲ್ಲ. ಆಮೇಲೆ, ನಂಬಿಕೆ ಸ್ವಲ್ಪ ಅಲ್ಲಾಡಿದ್ಮೇಲೂ, ಈಗ ಹೇಳಿದ್ರೆ "ಇಷ್ಟು ದಿನ ಯಾಕೆ ಹೇಳ್ಲಿಲ್ಲ" ಅಂತ ಕೇಳ್ತಾರಲ್ಲ ಅನ್ನೋ ಭಯ. ಒಂದು ದಿನ ತಡ ಆದ್ರೆ ಹೇಳೋದು ಕಷ್ಟ. ಹದಿನೈದು ದಿನ ತಡ ಆದ್ರೆ, ಹೇಳ್ದೇ ಇರೋದೇ ಒಂದು ಫುಲ್ ಟೈಮ್ ಕೆಲಸ ಆಗ್ಬಿಡುತ್ತೆ.

ಚಿನ್ನು ಅಳೋದು ಕಮ್ಮಿ ಮಾಡ್ದ. ಮೊದ್ಲು ಅವನು ಅತ್ರೆ ಪಕ್ಕದ ಬೀದಿ ನಾಯಿ ಉತ್ತರ ಕೊಡ್ತಿತ್ತು. ಈಗ ಬೆಕ್ಕಿನಮರಿ ಥರ ಸಣ್ಣಗೆ ಕುಂಯ್ ಅಂತಿದ್ದ. ತೊಡೆ ಮೇಲಿನ ಚರ್ಮ ಸಡಿಲವಾಗಿ, ಯಾರೋ ದೊಡ್ಡೋರ ಪ್ಯಾಂಟ್ ಹಾಕ್ಕೊಂಡಿರೋ ಥರ ಕಾಣ್ತಿತ್ತು. ಅಜ್ಜಿ, "ಶ್ಯಾಣ್ಯಾ ಆಗ್ಯಾನ, ಹಠ ಬಿಟ್ಟಾನ" ಅಂತಿದ್ರು. ಆದ್ರೆ ದೃಷ್ಟಿ ತೆಗೆಯೋದು ದಿನಕ್ಕೆ ಒಂದ್ಸಲ ಇದ್ದಿದ್ದು ಮೂರು ಸಲ ಆಯ್ತು.

ಮೂರ್ನೇ ಸಲ ತೂಕಕ್ಕೆ ಹೋದಾಗ ನಾನೂ ಹೋಗಿದ್ದೆ. ನರ್ಸ್ ಚಿನ್ನೂನ ಬರೀ ಮೈಯಲ್ಲಿ ತಕ್ಕಡಿ ಮೇಲೆ ಮಲಗಿಸಿದ್ರು. ನಂಬರ್ ಬಂತು. ನರ್ಸ್ ಮತ್ತೊಂದ್ಸಲ ಮಲಗಿಸಿದ್ರು. ಅದೇ ನಂಬರ್. ಅವರು ನಗು ನಿಲ್ಲಿಸಿದ್ರು.

ಡಾಕ್ಟರ್ ಬಂದು ಕುರ್ಚಿ ಎಳ್ಕೊಂಡು ಅಮ್ಮನ ಎದುರಿಗೆ ಕೂತ್ರು. "ಹಾಲು ಹೇಗೆ ಬೆರೆಸ್ತೀರಿ, ಹೇಳಿ."

ಅಪ್ಪ ಮಗ್ಗಿ ಒಪ್ಪಿಸ್ದಂಗೆ ಒಪ್ಪಿಸಿದ್ರು. ನಾಲ್ಕು ಔನ್ಸ್ ನೀರು, ಎರಡು ಚಮಚ, ಚಮಚದ ಮೇಲೆ ಚಾಕು ಎಳೆದು ಸಮ ಮಾಡ್ಬೇಕು, ನೀರು ಇಷ್ಟೇ ಬಿಸಿ ಇರ್ಬೇಕು. ಡಾಕ್ಟರಿಗೇ ಪಾಠ ಮಾಡೋ ಹಾಗಿತ್ತು.

"ಬೇರೆ ಯಾರಾದ್ರೂ ಬೆರೆಸ್ತಾರಾ?"

"ನಮ್ಮಮ್ಮ," ಅಂದ್ರು ಅಮ್ಮ. "ನಾನೇ ತೋರಿಸಿಕೊಟ್ಟಿದೀನಿ."

ನಾನು ಮೂಲೇಲಿ ನಿಂತಿದ್ದೆ. ಗೋಡೆ ಮೇಲೆ ಜಿರಾಫೆ ಚಿತ್ರ ಇತ್ತು, ಅದರ ಕತ್ತಲ್ಲಿ ಇಂಚಿನ ಗೆರೆಗಳು. ಆ ಗೆರೆಗಳನ್ನೇ ಎಣಿಸ್ತಿದ್ದೆ. ಬಾಯಿ ತೆರೆದ್ರೆ ಸಾಕಿತ್ತು. ಆರು ಪದ. ದಿನಕ್ಕೆ ಅರವತ್ತು ಸಾವಿರ ಪದ ಮಾತಾಡೋ ಹುಡುಗಿ ನಾನು. ಒಂದೂ ಬರ್ಲಿಲ್ಲ.

"ಗುರುವಾರ ವಾಪಸ್ ಬನ್ನಿ," ಅಂದ್ರು ಡಾಕ್ಟರ್. "ಆಗ್ಲೂ ಏರ್ದೇ ಇದ್ರೆ ಆಸ್ಪತ್ರೆಗೆ ಸೇರಿಸಿ ಎಲ್ಲಾ ಪರೀಕ್ಷೆ ಮಾಡ್ಬೇಕಾಗುತ್ತೆ. ಹಾರ್ಟ್, ಕಿಡ್ನಿ, ಎಲ್ಲಾ."

ವಾಪಸ್ ಬರೋವಾಗ ಅಮ್ಮ ಹಿಂದೆ ನನ್ನ ಪಕ್ಕ ಕೂತ್ರು, ಚಿನ್ನೂನ ಕಾರ್ ಸೀಟಿನ ಅಂಚು ಹಿಡ್ಕೊಂಡು. "ನಿನಗ ಮೂರು ತಿಂಗಳಿದ್ದಾಗ ಬಿಟ್ಟು ಹೋದೆ," ಅಂದ್ರು. "ನೀ ಏನ್ ಕುಡೀತಿದ್ದಿ, ಎಷ್ಟ್ ಕುಡೀತಿದ್ದಿ, ನನಗ ಗೊತ್ತಾಗ್ಲೇ ಇಲ್ಲ. ಇವನಿಗಾದ್ರೂ ಎಲ್ಲಾ ಸರಿಯಾಗಿ ಮಾಡೂಣು ಅಂದ್ಕೊಂಡಿದ್ದೆ." ನನಗೆ ಕಾರಿನ ಬಾಗಿಲು ತೆಗೆದು ಫ್ರೀವೇಗೆ ಹಾರ್ಬೇಕು ಅನ್ನಿಸ್ತು. ಚೈಲ್ಡ್ ಲಾಕ್ ಇತ್ತು.

ಮನೆಗೆ ಬಂದ ತಕ್ಷಣ, ಎಲ್ಲರೂ ಚಿನ್ನು ಸುತ್ತ ಇದ್ದಾಗ, ನಾನು ಡಬ್ಬಿ ಎತ್ಕೊಂಡು ಹಿಂದೆ ಬರೆದಿದ್ದನ್ನ ಓದಿದೆ. ಚೀಟಿ ಸಣ್ಣದು, ಅಕ್ಷರ ಇರುವೆ ಸಾಲಿನಷ್ಟು. ನೀರು ಜಾಸ್ತಿ ಹಾಕಿದ್ರೆ ಮಗುವಿಗೆ ಬೇಕಾದ ಪೋಷಣೆ ಸಿಗಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. ಡಿಎಚ್ಎ ಇದೆಯೋ ಇಲ್ವೋ ಅಂತ ಮೂರು ಊರು ಸುತ್ತಿದ್ವಿ. ಚಿನ್ನು ಅಷ್ಟು ದಿನದಿಂದ ಹಸ್ಕೊಂಡಿದ್ದ. ಹೊಟ್ಟೆ ತುಂಬಾ ನೀರು ಇಟ್ಕೊಂಡು ಹಸ್ಕೊಂಡಿದ್ದ.

ಬುದ್ಧಿ ಇರೋ ಯಾರಾದ್ರೂ ಆವಾಗ್ಲೇ ಓಡಿ ಹೋಗಿ ಹೇಳ್ತಿದ್ರು. ನಾನು ಪ್ಲಾನ್ ಮಾಡ್ದೆ.

ಪ್ಲಾನ್ ಏನಂದ್ರೆ: ಅಜ್ಜಿ ಬೆಳಗ್ಗೆ ಮಾಡಿಟ್ಟ ಬಾಟಲಿಗಳು ಫ್ರಿಜ್ಜಲ್ಲಿರ್ತಾವೆ. ಅವಕ್ಕೆ ನಾನೇ ಗುಟ್ಟಾಗಿ ಪುಡಿ ಸೇರಿಸಿದ್ರೆ ಗಟ್ಟಿ ಆಗುತ್ತೆ. ಗುರುವಾರಕ್ಕೆ ತೂಕ ಏರುತ್ತೆ. ಅಜ್ಜಿ ಮಾನ ಉಳಿಯುತ್ತೆ, ನನ್ನ ಚರ್ಮ ಉಳಿಯುತ್ತೆ, ಆಸ್ಪತ್ರೆ ತಪ್ಪುತ್ತೆ. ಜೀನಿಯಸ್ ಅಲ್ವಾ? ಮಾರನೇ ದಿನ ಹನ್ನೊಂದು ಗಂಟೆಗೆ ಅಜ್ಜಿ ಸ್ನಾನಕ್ಕೆ ಹೋದ್ರು. ಆಫೀಸಿಗೆ ಮತ್ತೆ ರಜೆ ಹಾಕಿದ್ದ ಅಪ್ಪ ಸೋಫಾದಲ್ಲಿ ಚಿನ್ನೂನ ಎದೆ ಮೇಲೆ ಮಲಗಿಸ್ಕೊಂಡಿದ್ರು. ಅಮ್ಮ ಮಹಡಿ ಮೇಲೆ ಮೀಟಿಂಗಲ್ಲಿ. ನಾನು ಆರೂ ಬಾಟಲಿ ತೆಗೆದು ಕಟ್ಟೆ ಮೇಲೆ ಸಾಲಾಗಿಟ್ಟು ಮುಚ್ಚಳ ಬಿಚ್ಚಿದೆ.

ಆರು ಔನ್ಸ್ ನೀರಿಗೆ ಎರಡು ಚಮಚ ಹಾಕಿದಾರೆ. ಒಂದು ಚಮಚ ಸೇರಿಸಿದ್ರೆ ಸರಿ ಹೋಗ್ಬೇಕು. ಆದ್ರೆ ಎರಡು ಬಾಟಲೀಲಿ ನೀರು ಏಳರ ಹತ್ರ ಇತ್ತು, ಒಂದ್ರಲ್ಲಿ ಐದೂವರೆ. ಪುಡಿ ಬಿದ್ದ ಮೇಲೆ ಮಟ್ಟ ಮೇಲಕ್ಕೆ ಹೋಗುತ್ತಲ್ಲ, ಹಾಗಾದ್ರೆ ನೀರೆಷ್ಟು? ಒಂದು ಬಾಟಲೀಲಿ ಪುಡಿ ಗಂಟಾಗಿ ತೇಲ್ತಿತ್ತು. ಜಾಸ್ತಿ ಹಾಕಿದ್ರೂ ಮಗುವಿಗೆ ಅಪಾಯ ಅಂತ ಅದೇ ಚೀಟೀಲಿ ಕೆಳಗೆ ಬರೆದಿತ್ತು. ಫೋನಲ್ಲಿ ಕ್ಯಾಲ್ಕುಲೇಟರ್ ತೆಗೆದೆ. ತಪ್ಪು ನಂಬರ್ ಒತ್ತಿದೆ. ಅಳಿಸಿದೆ. ಮತ್ತೆ ಒತ್ತಿದೆ. ಉತ್ತರ ಒಂದೊಂದ್ಸಲ ಒಂದೊಂದು ಬರ್ತಿತ್ತು. ಚಮಚದಲ್ಲಿ ಪುಡಿ ತುಂಬಿಸ್ಕೊಂಡು ಬಾಟಲಿ ಬಾಯಿ ಮೇಲೆ ಹಿಡ್ಕೊಂಡು ನಿಂತೆ. ಹಾಕಲಾ? ಬಿಡಲಾ? ಕಣ್ಣಲ್ಲಿ ನೀರು ಬಂದು ಗೆರೆಗಳೇ ಕಾಣ್ತಿರ್ಲಿಲ್ಲ.

ಅಮ್ಮ ಒಳಗೆ ಬಂದ್ರು.

ಕುತ್ತಿಗೇಲಿ ಹೆಡ್‌ಸೆಟ್, ಕೈಯಲ್ಲಿ ಖಾಲಿ ಕಾಫಿ ಕಪ್ಪು. ಆರು ಬಾಟಲಿ ನೋಡಿದ್ರು, ಚಮಚ ನೋಡಿದ್ರು, ನನ್ನನ್ನ ನೋಡಿದ್ರು.

"ಏನ್ ಮಾಡ್ತಿದೀಯ?"

ನನ್ನ ಹತ್ರ ಮೂರು ಸುಳ್ಳು ರೆಡಿ ಇದ್ವು, ಮೂರೂ ಒಳ್ಳೇವು. ಬಾಯಿಂದ ಬಂದಿದ್ದು, "ಅಜ್ಜಿ ನೀರು ಜಾಸ್ತಿ ಹಾಕ್ತಾರೆ. ಮೊದಲ್ನೇ ದಿನದಿಂದ. ನಂಗೊತ್ತಿತ್ತು."

ಅಮ್ಮ ಬೈಲಿಲ್ಲ. ಒಂದು ಬಾಟಲಿ ಎತ್ತಿ ಒಂದು ಗುಟುಕು ಕುಡಿದ್ರು. ಹಾಗೇ ಸ್ವಲ್ಪ ಹೊತ್ತು ಬಾಯಲ್ಲಿಟ್ಕೊಂಡು ನಿಂತ್ರು. ಆಮೇಲೆ ಆರೂ ಬಾಟಲೀನ ಒಂದಾದ್ಮೇಲೊಂದು ಸಿಂಕಿಗೆ ಸುರಿದು, ಡಾಕ್ಟರಿಗೆ ಫೋನ್ ಮಾಡಿ, ಇದ್ದಿದ್ದನ್ನ ಇದ್ದಂಗೆ ಹೇಳಿದ್ರು. "ಈಗ್ಲೇ ಸರಿಯಾಗಿ ಬೆರೆಸಿ ಒಂದು ಬಾಟಲಿ ಕುಡಿಸಿ, ಕುಡಿಸ್ಕೊಂಡು ಸೀದಾ ಬನ್ನಿ" ಅಂತ ಆ ಕಡೆಯಿಂದ ಹೇಳಿದ್ದು ನನಗೂ ಕೇಳಿಸ್ತು.

ಅಷ್ಟೊತ್ತಿಗೆ ಅಜ್ಜಿ ಬಾಗಿಲಲ್ಲಿ ನಿಂತಿದ್ರು, ಒದ್ದೆ ಕೂದಲು, ಹೆಗಲ ಮೇಲೆ ಟವೆಲ್. ಸಿಂಕಲ್ಲಿ ಹಾಲು ನೋಡಿದ್ರು. ಯಾರೂ ಏನೂ ಹೇಳೋ ಮೊದ್ಲೇ ಅವರಿಗೆ ಗೊತ್ತಾಗಿತ್ತು.

"ನಾನ ಹಾಕೀನಿ," ಅಂದ್ರು. "ಕೂಸಿಗೆ ಚಲೋ ಆಗ್ಲಿ ಅಂತ..."

"ಇಂಚರ," ಅಂದ್ರು ಅಮ್ಮ, ನನ್ನ ಕಡೆ ತಿರುಗದೇನೇ. "ಡಬ್ಬಿ ಮೇಲೆ ಬರೆದಿದ್ದು ಓದು. ಅಜ್ಜಿಗೆ ತಿಳಿಯೋ ಹಂಗೆ, ಕನ್ನಡದಲ್ಲಿ."

ಓದಿದೆ. ಮೊದಲು ನೀರು, ಆಮೇಲೆ ಪುಡಿ. ಗೆರೆ ದಾಟಬಾರದು. ನೀರು ಹೆಚ್ಚಾದ್ರೆ ಮಗು ಬೆಳೆಯಲ್ಲ. ಅಜ್ಜಿ ಒಂದೊಂದು ಮಾತಿಗೂ ತಲೆಯಾಡಿಸಿದ್ರು. ಮುಗಿದ್ಮೇಲೆ ಡಬ್ಬಿ ಮೇಲಿನ ಆ ಇಂಗ್ಲಿಷ್ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ, "ಇಷ್ಟ ದಿನ ಇದನ್ನ ಯಾರರ ನನಗ ಓದಿ ಹೇಳಬಾರದಿತ್ತೇನು?" ಅಂದ್ರು.

ಸೋಫಾ ಕಡೆಯಿಂದ ಬೆಕ್ಕಿನಮರಿ ಥರ ಕುಂಯ್ ಅನ್ನೋ ಸದ್ದು ಬಂತು.

ಅಮ್ಮ ತೊಳೆದ ಬಾಟಲಿಗೆ ನಾಲ್ಕರ ಗೆರೆ ತನಕ ನೀರು ಹಾಕಿದ್ರು. ನನ್ನ ಕೈಯಿಂದ ಚಮಚ ತಗೊಂಡು ಅಜ್ಜಿ ಕೈಗೆ ಕೊಟ್ರು.

"ಅವ್ವಾ, ನೀನ ಹಾಕು," ಅಂದ್ರು. "ಎರಡು. ನಾನು ನಿಂತು ನೋಡ್ತೀನಿ."